ಮಾಲ್ಟಾಕ್ಕೆ ಹೊರಟ ಮಗಳಿಗೊಂದು ಪತ್ರ

ಪುಟ್ಟಿ,

ಗುರುವಾರ ನಿನ್ನ ವಿಮಾನ. ನರ್ಸ್ ಕೆಲಸವೆಂದರೆ ಹಾಸಿಗೆ ಬದಲಿಸುವ ಕೀಳು ಕೆಲಸ ಎಂದು ದೊಡ್ಡಪ್ಪ ಆಡಿದ ಮಾತು ನಿನಗೂ ನೆನಪಿದೆ, ನನಗೂ ಇದೆ. ಅವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಹಾಸಿಗೆ ಬದಲಿಸುವ ಕೆಲಸ ಎಂಥವರ ಕೈಯಿಂದ ಬಂದದ್ದು ಅನ್ನುವುದು ನಿನಗೆ ಗೊತ್ತಿರಲಿ.

ಮಾಲ್ಟಾದ 1 ಮತ್ತು 2 ಯೂರೋ ನಾಣ್ಯಗಳ ಮೇಲೆ ಎಂಟು ಮೊನೆಯ ಶಿಲುಬೆ ಇರುತ್ತದೆ. ಅದು ಸಂತ ಜಾನ್ ಹೆಸರಿನ ಧಾರ್ಮಿಕ ಸಂಘದ ಗುರುತು. 1530ರಲ್ಲಿ ಅವರು ಆ ದ್ವೀಪಕ್ಕೆ ಬಂದರು, ಆದರೆ ಬೇರು ಇರುವುದು ಜೆರುಸಲೇಮಿನಲ್ಲಿ. ಇಟಲಿಯ ಅಮಾಲ್ಫಿಯ ವ್ಯಾಪಾರಿಗಳು 11ನೇ ಶತಮಾನದಲ್ಲಿ ಯೇಸುವಿನ ಸಮಾಧಿಯ ಚರ್ಚಿನ ಹತ್ತಿರ ಒಂದು ಮಠ ಕಟ್ಟಿಸಿದರು. ಅದಕ್ಕೆ ಸೇರಿದಂತೆ ಯಾತ್ರಿಕರಿಗೂ ರೋಗಿಗಳಿಗೂ ಒಂದು ಆಶ್ರಯವಾಯಿತು. ನೋಡಿಕೊಳ್ಳುತ್ತಿದ್ದವನು ಗೆರಾರ್ಡ್. 1099ರಲ್ಲಿ ಕ್ರುಸೇಡಿನ, ಅಂದರೆ ಕ್ರೈಸ್ತರ ಧರ್ಮಯುದ್ಧದ, ಸೈನ್ಯ ಊರನ್ನು ಹಿಡಿದ ಮೇಲೆ ದಾನ ಹರಿದುಬಂತು. 1113ರಲ್ಲಿ ಆ ಆಶ್ರಯದವರ ಸಂಘಕ್ಕೆ ಪೋಪ್ ಎರಡನೇ ಪಾಸ್ಕಲ್ ಮನ್ನಣೆ ಕೊಟ್ಟರು.

ಗೆರಾರ್ಡ್ ನಂತರ ಬಂದ ರೇಮಂಡ್ ದು ಪ್ಯುಯಿಯ ನಿಯಮದಲ್ಲಿ ರೋಗಿಯೇ ಒಡೆಯ. ಅವನಿಗೆ ಉಣ್ಣಿಸಿದ ಮೇಲೆಯೇ ಸಂಘದ ಸೋದರರ ಊಟ. ಇದೊಂದನ್ನು ನೀನು ಪಾಲಿಸಬೇಡ. ಹಸಿದವರ ಕೈ ನಡುಗುತ್ತದೆ, ಔಷಧದ ಅಳತೆ ತಪ್ಪುತ್ತದೆ. ಊಟ ಮಾಡಿಯೇ ಡ್ಯೂಟಿಗೆ ಹೋಗು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1182ರಲ್ಲಿ ಸಂಘದ ಆಗಿನ ಮುಖ್ಯಸ್ಥ ರೋಜರ್ ದ ಮೂಲಾಂ ಆಸ್ಪತ್ರೆಗಾಗಿ ಮಾಡಿದ ಕಟ್ಟಳೆ. ಮೂತ್ರ ನೋಡಿ ರೋಗ ಗುರುತಿಸಬಲ್ಲ, ಪಾನಕದಂಥ ಔಷಧ ಮಾಡಬಲ್ಲ ನಾಲ್ವರು ವೈದ್ಯರು. ಉದ್ದಗಲ ಸಾಕಷ್ಟಿರುವ ಮಂಚ, ಒಬ್ಬೊಬ್ಬರಿಗೂ ಅವರದೇ ಹೊದಿಕೆ, ಅವರದೇ ದುಪ್ಪಟಿ. ವಾರಕ್ಕೆ ಮೂರು ದಿನ ಹಂದಿ ಅಥವಾ ಕುರಿಯ ತಾಜಾ ಮಾಂಸ, ಅದು ಸೇರದವರಿಗೆ ಕೋಳಿ. ಅಲ್ಲೇ ಹುಟ್ಟಿದ ಕೂಸುಗಳಿಗೆ ಬೇರೆ ತೊಟ್ಟಿಲು, ಬಾಣಂತಿ ಹೊರಳಿದರೆ ಮಗುವಿಗೆ ಅಪಾಯವಾಗಬಾರದೆಂದು. ಔಷಧಕ್ಕೆ ಬೇಕಾದ ಸಕ್ಕರೆ ಈಗಿನ ಲೆಬನಾನಿನಲ್ಲಿರುವ ಮಾಂಟ್ ಪೆಲೆರಿನ್‌ನಿಂದ ಎರಡು ಕ್ವಿಂಟಲ್ ಬರಬೇಕು. ಕಾಲು ತೊಳೆಯಲು, ದುಪ್ಪಟಿ ಬದಲಿಸಲು ಒಂದೊಂದು ವಾರ್ಡಿಗೂ ಒಂಬತ್ತು ಜನ ಸೇವಕರು.

ಜೊತೆಗೆ ರೋಗಿಗಳಿಗೆ ಕುರಿಯ ಚರ್ಮದ ಮೇಲಂಗಿ, ಉಣ್ಣೆಯ ಟೋಪಿ, ಪಾಯಿಖಾನೆಗೆ ಹೋಗಿ ಬರಲು ಬೂಟು. ಆ ಬೂಟಿನ ಸಾಲು ಓದಿದಾಗಲೆಲ್ಲ ನನಗೆ ನಿನ್ನ ನೈಟ್ ಡ್ಯೂಟಿಯೇ ಕಣ್ಣ ಮುಂದೆ ಬರುತ್ತದೆ. ನಿತ್ರಾಣವಾದವರು ಬೀಳುವುದು ಮಂಚದಿಂದ ಬಾತ್‌ರೂಮಿಗೆ ಹೋಗುವ ಆ ನಾಲ್ಕು ಹೆಜ್ಜೆಯಲ್ಲೇ. ಮೂತ್ರಕ್ಕೆ ಅವಸರ, ನಿದ್ದೆ ಮಾತ್ರೆಯ ಮಂಪರು, ತಟ್ಟನೆ ಎದ್ದಾಗ ಇಳಿಯುವ ಬಿಪಿ, ಕಾಲಿಗೆ ಬರೀ ಸಾಕ್ಸ್. ದೀಪ ಆರಿಸುವ ಮೊದಲೇ ಚಪ್ಪಲಿ ಕೈಗೆಟುಕುವ ಕಡೆ ಇದೆಯಾ ನೋಡು, ಹಿಮ್ಮಡಿ ಹಿಡಿಯುವಂಥದ್ದಿರಲಿ. ಮಂಚ ತಗ್ಗಿಸು, ಚಕ್ರದ ಬ್ರೇಕ್ ಹಾಕು, ಕರೆಗಂಟೆಯನ್ನು ಅವರ ಕೈಗೇ ಕೊಡು. ಏಳಿಸುವಾಗ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸು. ಆಮೇಲೆ ಚಪ್ಪಲಿ, ಆಮೇಲೆ ನಿಲ್ಲಿಸುವುದು. ಇದೆಲ್ಲ ನಿನಗೆ ಕಾಲೇಜಿನಲ್ಲಿ ಕಲಿಸಿದ್ದಾರೆ, ಗೊತ್ತು. ಆದರೂ ಚಪ್ಪಲಿ ಮರೆಯಬೇಡ. ನೀನೊಬ್ಬಳೇ ಇದ್ದು, ಆಚೆ ಮಂಚದವರು ಕೂಗಿದಾಗ ಮರೆಯುವುದು ಅದನ್ನೇ.

ಆ ಕಟ್ಟಳೆಯ ಕಾಲವೂ ಗಮನಿಸು. ಅಷ್ಟರಲ್ಲಿ ಸಂಘದವರು ಕತ್ತಿ ಹಿಡಿದಾಗಿತ್ತು. ಗಿಲ್ಬರ್ಟ್ ಎಂಬ ಹಿಂದಿನ ಮುಖ್ಯಸ್ಥ 1168ರ ಈಜಿಪ್ಟ್ ದಂಡಯಾತ್ರೆಯಲ್ಲಿ ಸಂಘವನ್ನು ಸಾಲದಲ್ಲಿ ಮುಳುಗಿಸಿದ್ದ. ಬಡವರ ಆರೈಕೆಗೆ ಯುದ್ಧ ಅಡ್ಡಿಯಾಗಬಾರದೆಂದು ಪೋಪ್ ಮೂರನೇ ಅಲೆಕ್ಸಾಂಡರ್ ಎಚ್ಚರಿಸಬೇಕಾಯಿತು. 1177ರಲ್ಲಿ ಮಾಂಟ್‌ಗಿಸಾರ್ ಯುದ್ಧದ 750 ಗಾಯಾಳುಗಳು ಬಂದಾಗ ಆಸ್ಪತ್ರೆಯಲ್ಲಿ ಆಗಲೇ 900 ರೋಗಿಗಳಿದ್ದರು. ಅಂಥ ನೂಕುನುಗ್ಗಲಿನ ಆಸ್ಪತ್ರೆಯವರು ಟೋಪಿ, ಬೂಟು, ತೊಟ್ಟಿಲನ್ನು ಬರೆದಿಟ್ಟರು. 1187ರಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್ ಜೆರುಸಲೇಮನ್ನು ಗೆದ್ದ. ರೋಗಿಗಳನ್ನು ನೋಡಿಕೊಳ್ಳಲು ಹತ್ತು ಸೋದರರು ಒಂದು ವರ್ಷ ಉಳಿಯಲಿ ಎಂದು ಅವನೇ ಒಪ್ಪಿದ. ದೊಡ್ಡಪ್ಪನಿಗೆ ನನ್ನ ಉತ್ತರ ಇದೇ. ನಿನ್ನ ಬಗ್ಗೆ ನನಗೆಷ್ಟು ಹೆಮ್ಮೆ ಅನ್ನುವುದನ್ನೂ ಅವರಿಗೆ ಹೇಳುತ್ತೇನೆ.

ಮುಂದೆ ನಿನ್ನನ್ನು ಆಫೀಸಿನ ಮೇಜಿಗೆ ಕೂರಿಸಬಹುದು. ಹೋಗು, ಬೇಡ ಅನ್ನುವುದಿಲ್ಲ. ಆದರೆ ವಾರಕ್ಕೊಮ್ಮೆಯಾದರೂ ವಾರ್ಡಿನಲ್ಲಿ ನಡೆದು ಬಾ.

ತಲುಪಿದ ಕೂಡಲೇ ಫೋನ್ ಮಾಡು. ರಾತ್ರಿ ಪಾಳಿ ಯಾವಾಗ, ಎಷ್ಟು ರೋಗಿಗಳಿಗೆ ಎಷ್ಟು ಜನ ನರ್ಸ್ ಅಂತ ಮೊದಲ ದಿನವೇ ಕೇಳಿ ನನಗೆ ತಿಳಿಸು.

ಅಮ್ಮ