ಅಳಿಯಂದಿರು ತರುವ ಪಟಾಕಿ ಡಬ್ಬ

ಮೈಸೂರು

ಚಿ. ಸೌ. ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ನೀನೂ ಅಳಿಯಂದಿರೂ ಬರುತ್ತೀರಿ ಅಂತ ಮನೆಯಲ್ಲಿ ಎಲ್ಲರಿಗೂ ಸಂಭ್ರಮ. ಅಮ್ಮ ಆಗಲೇ ಕಜ್ಜಾಯಕ್ಕೆ ಬೆಲ್ಲ ತರಿಸಿದ್ದಾಳೆ. ಅಳಿಯಂದಿರು ಒಂದು ಡಬ್ಬ ಪಟಾಕಿ ತರುತ್ತಾರಂತೆ. ತರಲಿ. ಆದರೆ ಲಕ್ಷ್ಮಿ ಬಾಂಬು, ಸರಪಟಾಕಿ, ರಾಕೆಟ್ಟು ಬೇಡ ಅಂತ ನೀನೇ ನಿಧಾನಕ್ಕೆ ಹೇಳಮ್ಮ.

ಜಂಬೂ ಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರಲ್ಲ, ಆ ಸದ್ದಿಗೆ ಬೆದರಬಾರದು ಅಂತ ಆನೆ, ಕುದುರೆಗಳನ್ನು ಮುಂಚೆಯೇ ಕರೆದೊಯ್ದು ಫಿರಂಗಿ ಹಾರಿಸಿ ತಾಲೀಮು ಕೊಡಿಸುತ್ತಾರೆ. ಮಾವುತ, ಕಾವಾಡಿ ಪಕ್ಕದಲ್ಲೇ ಇರುತ್ತಾರೆ. ಅಷ್ಟಾದರೂ ಹೊಸ ಆನೆಗಳು ಬೆಚ್ಚುತ್ತವೆ. ನಮ್ಮ ಬೀದಿಯ ನಾಯಿ ಕರಿಯನಿಗೆ ಯಾರು ತಾಲೀಮು ಕೊಟ್ಟಿದ್ದಾರೆ, ಹೇಳು? ಸದ್ದು ಎಷ್ಟು ಕೀರಲು ಅನ್ನುವುದನ್ನು ಹರ್ಟ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ; ನಮ್ಮ ಕಿವಿಗೆ 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ನಾಯಿಗೆ ಅದರ ಎರಡರಷ್ಟಕ್ಕೂ ಮೇಲೆ ಕೇಳಿಸುತ್ತದೆ. ಹೋದ ದೀಪಾವಳಿ ರಾತ್ರಿ ಕರಿಯ ಎದುರುಮನೆ ಕಾರಿನಡಿ ನುಗ್ಗಿ ಕೂತಿದ್ದ. ಬಾಲ ಹೊಟ್ಟೆಗೆ ಅಂಟಿತ್ತು, ಬಾಯಿಂದ ಜೊಲ್ಲು. ದಿನಾ ಕೈಯಿಂದ ಕಿತ್ತುಕೊಂಡು ತಿನ್ನುವ ಬಿಸ್ಕತ್ತನ್ನು ಮೂಸಿಯೂ ನೋಡಲಿಲ್ಲ. ಈ ಸಲ ಕತ್ತಲಾಗುವ ಮೊದಲೇ ಅವನನ್ನು ನಮ್ಮ ಒಳಕೋಣೆಗೆ ಬಿಟ್ಟುಕೊಂಡು, ಕಿಟಕಿ ಹಾಕಿ, ಫ್ಯಾನು, ರೇಡಿಯೋ ಹಾಕಿಡಬೇಕು ಅಂತಿದ್ದೇನೆ.

ಮೇಲ್ಮನೆಯಲ್ಲಿ ಬಾಣಂತಿ ಇದ್ದಾಳೆ. ಪಕ್ಕದ ಮನೆ ತಾತನಿಗೆ ಉಬ್ಬಸ. ರಾತ್ರಿ ಅವರು ಎದ್ದು ಕೂತು ಉಸಿರೆಳೆಯುವುದು ನಮ್ಮ ಗೋಡೆಗೆ ಕೇಳಿಸುತ್ತೆ. ಹಸಿರು ಪಟಾಕಿ, ಏನೂ ಆಗಲ್ಲ ಅಂತ ಅಂಗಡಿಯವರು ಹೇಳಬಹುದು. ಅದರಲ್ಲಿ ಹೊಗೆ ಕಮ್ಮಿ, ಇಲ್ಲವೇ ಇಲ್ಲ ಅಂತಲ್ಲ. ಸುರುಸುರು ಬತ್ತಿ, ಹೂಕುಂಡಗಳಿಗೂ ಹೊಗೆ ಇದೆ, ಆದ್ದರಿಂದ ಅವೂ ಸ್ವಲ್ಪವೇ ಸಾಕು. ಬೀದಿ ಕೊನೆಯ ಖಾಲಿ ಸೈಟಿನಲ್ಲಿ, ಗಾಳಿ ಮನೆಗಳ ಕಡೆ ಬೀಸದಿದ್ದರೆ ಮಾತ್ರ ಹಚ್ಚೋಣ. ಸುಪ್ರೀಂ ಕೋರ್ಟು 2018ರಲ್ಲೇ ದೀಪಾವಳಿಗೆ ರಾತ್ರಿ 8ರಿಂದ 10ರವರೆಗೆ ಅಂತ ಹೊತ್ತು ಗೊತ್ತುಮಾಡಿದೆ. ನಮಗೆ ಅಷ್ಟೂ ಬೇಡ, ಅರ್ಧ ಗಂಟೆ ಸಾಕು. ಇಷ್ಟು ಹೊತ್ತಿಗೆ ಶುರು, ಇಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಸಾಯಂಕಾಲವೇ ಎರಡೂ ಮನೆಗೆ ನೀನೇ ಹೋಗಿ ಹೇಳಿ ಬಾ. ಗೊತ್ತಿದ್ದರೆ ಅವರು ಕಿಟಕಿ ಹಾಕಿಕೊಳ್ಳುತ್ತಾರೆ, ತಾತ ಇನ್ಹೇಲರ್ ಹತ್ತಿರ ಇಟ್ಟುಕೊಳ್ಳುತ್ತಾರೆ.

ಉರಿದ ಕಡ್ಡಿಗಳನ್ನೆಲ್ಲ ನೀರಿನ ಬಕೆಟ್ಟಿಗೇ ಹಾಕಬೇಕು. ಚೂರುಗಳನ್ನು ರಾತ್ರಿಯೇ ಗುಡಿಸೋಣ. ಬೆಳಗಾದರೆ ಬೀದಿ ಹಸುಗಳು ಕಾಗದ ಅಂತ ಬಾಯಿ ಹಾಕುತ್ತವೆ. ಬಲಿಪಾಡ್ಯಮಿಗೆ ಅವಕ್ಕೇ ಅಲ್ಲವೇ ನಾವು ಅರಿಶಿನ ಕುಂಕುಮ ಹಚ್ಚಿ ಬಾಳೆಹಣ್ಣು ಕೊಡುವುದು?

ಡಬ್ಬ ಕೊಂಡಾಗಿದ್ದರೆ ಬಾಂಬುಗಳನ್ನು ಅಂಗಡಿಗೆ ವಾಪಸು ಕೊಟ್ಟು ಬದಲಿಗೆ ಹೂಕುಂಡ ತೆಗೆದುಕೊಳ್ಳಿ. ನೀರು ತುಂಬುವ ಹಬ್ಬದ ಸಂಜೆಯೇ ಬಂದುಬಿಡಿ, ಬೆಳಿಗ್ಗೆ ಎಣ್ಣೆನೀರಿಗೆ ಅವಸರವಾಗಬಾರದು ಅಂತ ಅಮ್ಮ ಹೇಳುತ್ತಿದ್ದಾಳೆ.

ಇಂತಿ,
ನಿನ್ನ ಅಪ್ಪ