ಜ್ವರ ಬಿಡದಿದ್ದರೆ ಮೈಯೆಲ್ಲ ಹುಡುಕು

ಪುಟ್ಟಿ,

ಪಾಪು ಇಡೀ ದಿನ ಹಿತ್ತಲ ಹುಲ್ಲಿನಲ್ಲೇ ಇರುತ್ತಾನೆ ಅಂದೆ. ಇರಲಿ ಬಿಡು, ಈ ವಯಸ್ಸಿನಲ್ಲಿ ಆಡದೆ ಇನ್ಯಾವಾಗ ಆಡ್ತಾನೆ? ಆದರೆ ಮಳೆಗಾಲದಲ್ಲಿ, ಅದು ಮುಗಿದ ಮೇಲೂ ಕೆಲವು ತಿಂಗಳು ಸ್ಕ್ರಬ್ ಟೈಫಸ್ ಅನ್ನೋ ಜ್ವರದ ಕಾಯಿಲೆ ಜಾಸ್ತಿ. ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದಾಗ ಇದನ್ನು ನೋಡಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಹುಲ್ಲು, ಪೊದೆಗಳಲ್ಲಿರುವ ಒಂದು ಬಗೆಯ ನುಸಿಯ ಮರಿ ಕಚ್ಚಿದರೆ ಇದು ಬರುತ್ತದೆ. ಮರಿ ಕಣ್ಣಿಗೆ ಬೀಳುವುದೇ ಕಷ್ಟ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಜ್ವರ ಶುರುವಾಗಲು 6ರಿಂದ 21 ದಿನ ಹಿಡಿಯಬಹುದು. ಅಷ್ಟರಲ್ಲಿ ಎಲ್ಲಿ ಆಡಿದ್ದ ಅನ್ನೋದೇ ಮರೆತಿರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಮೊದಮೊದಲು ಡೆಂಗಿಯೋ ಟೈಫಾಯ್ಡೋ ಅನಿಸುತ್ತದೆ. ಜೋರು ಜ್ವರ, ತಲೆನೋವು, ವಾಂತಿ, ಹೊಟ್ಟೆನೋವು, ಕೆಮ್ಮು. ಕೆಲವು ಮಕ್ಕಳಿಗೆ ಮುಖ, ಕಣ್ಣಿನ ಸುತ್ತ ಊದಿಕೊಳ್ಳುತ್ತದೆ. ಪ್ಲೇಟ್‌ಲೆಟ್ ಕೂಡ ಇಳಿಯಬಹುದು.

ಸುಳಿವು ಸಿಕ್ಕರೆ ಚರ್ಮದ ಮೇಲೇ. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿರುವುದಿಲ್ಲ, ಹಾಗಾಗಿ ಮಗು ಬಾಯಿಬಿಟ್ಟು ಹೇಳುವುದಿಲ್ಲ. ನೀನೇ ಹುಡುಕಬೇಕು. ಬಟ್ಟೆ ಪೂರ್ತಿ ಬಿಚ್ಚಿ, ಒಳ್ಳೆ ಬೆಳಕಿನಲ್ಲಿ ಕಂಕುಳು, ತೊಡೆಸಂದು, ಮರ್ಮಾಂಗ, ಕುಂಡಿಯ ಸಂದು, ಹೊಕ್ಕುಳು, ಕಿವಿಯ ಹಿಂದೆ, ಕೂದಲ ಬುಡ ಎಲ್ಲ ನೋಡು. ಬೆವರು ನಿಲ್ಲುವ ಮಡಿಕೆಗಳಲ್ಲಿ ಅದು ಕಪ್ಪಾಗದೆ ಬರೀ ಹಸಿ ಹುಣ್ಣಾಗಿರಬಹುದು. ಒಂದು ಹುಡುಗಿಗೆ ಮೈ ಒರೆಸುವಾಗ ಬಿಗಿಯಾದ ಜಡೆ ಬಿಚ್ಚಿದೆ, ಕಿವಿಯ ಹಿಂದೆ ಕೂದಲ ಅಂಚಿನಲ್ಲಿತ್ತು. ಅಲ್ಲಿವರೆಗೆ ಎಲ್ಲರೂ ಹೊಟ್ಟೆಯನ್ನೇ ಒತ್ತಿ ನೋಡುತ್ತಿದ್ದರು! ಆದರೆ ಹಕ್ಕಳೆ ಎಲ್ಲ ಮಕ್ಕಳಲ್ಲೂ ಇರುವುದಿಲ್ಲ. ಸಿಗಲಿಲ್ಲ ಅಂತ ಈ ಕಾಯಿಲೆ ಅಲ್ಲ ಅಂದುಕೊಳ್ಳಬೇಡ.

ಜ್ವರ ಐದು ದಿನ ದಾಟಿಯೂ ಕಾರಣ ಸಿಗದಿದ್ದರೆ ಡಾಕ್ಟರಿಗೆ ನೀನೇ ಕೇಳು, 'ಹುಲ್ಲಿನಲ್ಲಿ ಆಡ್ತಾನೆ, ಸ್ಕ್ರಬ್ ಇರಬಹುದಾ?' ಅಂತ. ಹಕ್ಕಳೆ ಕಂಡರೆ ಐದು ದಿನ ಕಾಯುವ ಮಾತೇ ಇಲ್ಲ. ಇದಕ್ಕೆ ಮಾಡುವ ರಕ್ತಪರೀಕ್ಷೆ, ಐಜಿಎಂ ಎಲೈಸಾ ಟೆಸ್ಟ್, ಮೊದಲ ವಾರದಲ್ಲಿ ನೆಗೆಟಿವ್ ಬರಬಹುದು. ಅನುಮಾನ ಬಲವಾಗಿದ್ದರೆ ರಿಪೋರ್ಟಿಗೆ ಕಾಯದೆ ಔಷಧ ಶುರು ಮಾಡುವುದೇ ಸರಿ.

ಔಷಧ ಅಂದರೆ ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಸಿರಪ್ ಇದಕ್ಕೆ ಏನೂ ಮಾಡಲ್ಲ, ಸುಮ್ನೆ ದಿನ ಹಾಳು. ಎಂಟು ವರ್ಷದೊಳಗಿನವರಿಗೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಹಲ್ಲು ಕಲೆಯಾಗುತ್ತದೆ ಅಂತ ಯಾರಾದರೂ ಹೆದರಿಸುತ್ತಾರೆ. ಆ ಭಯ ಇದೇ ಗುಂಪಿನ ಹಳೆಯ ಔಷಧ ಟೆಟ್ರಾಸೈಕ್ಲಿನ್‌ನಿಂದ ಬಂದದ್ದು. ಕೆಲವೇ ದಿನ ಕೊಡುವ ಡಾಕ್ಸಿಸೈಕ್ಲಿನ್‌ನಿಂದ ಹಾಗೆ ಆಗುವುದು ಕಂಡುಬಂದಿಲ್ಲ. ಡೋಸ್ ಮಾತ್ರ ತೂಕ ನೋಡಿ ಡಾಕ್ಟರೇ ಹೇಳಬೇಕು. ಸಾಮಾನ್ಯವಾಗಿ 48 ಗಂಟೆಯಲ್ಲಿ ಜ್ವರ ಇಳಿಯುತ್ತದೆ. ಇಳಿಯಿತು ಅಂತ ನಡುವೆ ನಿಲ್ಲಿಸಬೇಡ.

ತಡವಾದರೆ ಶ್ವಾಸಕೋಶ, ಮೆದುಳು, ಕಿಡ್ನಿ, ಹೃದಯಕ್ಕೂ ಪೆಟ್ಟು ಬೀಳುತ್ತದೆ. ಉಸಿರಾಟ ಜೋರಾದರೆ, ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ಮೂತ್ರ ಕಡಿಮೆಯಾದರೆ, ಕೈಕಾಲು ತಣ್ಣಗಾದರೆ ರಾತ್ರಿಯೇ ಆಗಲಿ, ಆಸ್ಪತ್ರೆಗೆ ಹೊರಡು.

ಇದಕ್ಕೆ ಲಸಿಕೆ ಇಲ್ಲ. ಆಡಲು ಹೋಗುವಾಗ ಉದ್ದ ಪ್ಯಾಂಟ್ ಹಾಕು, ಬಂದ ತಕ್ಷಣ ಸೋಪು ಹಚ್ಚಿ ಉಜ್ಜಿ ಸ್ನಾನ ಮಾಡಿಸು, ಬಟ್ಟೆ ಬದಲಿಸು. ಒಗೆದ ಬಟ್ಟೆಯನ್ನು ಹುಲ್ಲಿನ ಮೇಲೆ ಹರವಬೇಡ, ಹಗ್ಗ ಕಟ್ಟಿಕೋ.

ನಿನ್ನ ಅಮ್ಮ