ನನ್ನ ಓರಗಿತ್ತಿಗೆ, ಮತ್ತು ಉಳಿದ ಎಲ್ಲರಿಗೆ

ಕಳೆದ ಭಾನುವಾರ ತೂಕದ ಯಂತ್ರದ ಮುಳ್ಳು 82ರಲ್ಲಿ ನಿಂತಿತು. 2019ರಲ್ಲಿ ತೂಕ ಇಳಿಸಲೆಂದು ಹೊಟ್ಟೆಯನ್ನು ಚಿಕ್ಕದಾಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಂತರ 112 ಕಿಲೋದಿಂದ 71ಕ್ಕೆ ಇಳಿದು, ಅಲ್ಲಿಂದ ಸದ್ದಿಲ್ಲದೆ 94ಕ್ಕೆ ಏರಿದ್ದ ನನಗೆ ಇದು ದೊಡ್ಡ ಸಾಧನೆಯೇನಲ್ಲ. ಆದರೂ ಇಳಿದಾಗ ಫೋಟೋ ಹಾಕಿ ನಿಮ್ಮೆಲ್ಲರ ಅಭಿನಂದನೆ ಪಡೆದವಳು, ಏರಿದಾಗ ಯಾರಿಗೂ ಮುಖ ತೋರಿಸದೆ ಉಳಿದಿದ್ದೆ; ಆ ಕಾರಣಕ್ಕಾಗಿಯೇ ಈ ಬರಹ. ಆಪರೇಷನ್ನಿನ ಕಥೆ ನಿಮಗೆ ಗೊತ್ತಿರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ.

ತೂಕ ಮರಳಿ ಬಂದದ್ದು ಹಬ್ಬದೂಟಗಳಿಂದಲ್ಲ. ಒಂದು ರೊಟ್ಟಿ, ಒಂದಿಷ್ಟು ಪಲ್ಯ ತಿನ್ನುವಷ್ಟರಲ್ಲಿ ನನ್ನ ಹೊಟ್ಟೆ ಬಿಗಿದುಕೊಳ್ಳುತ್ತಿತ್ತು. ಮಂಡಕ್ಕಿಗೆ ಮಾತ್ರ ಅಂಥ ಅಡ್ಡಿ ಇರಲಿಲ್ಲ, ಮತ್ತು ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿಯನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉತ್ತರಪತ್ರಿಕೆ ತಿದ್ದುವಾಗ ಒಂದು ಹಿಡಿ, ಚಹಾದ ಜೊತೆ ಎರಡು ಬಿಸ್ಕತ್ತು, ಮಲಗುವ ಮುನ್ನ ಮತ್ತೊಂದು ಹಿಡಿ. ಬಾಯಲ್ಲೇ ಮೆತ್ತಗಾಗುವ ಇಂಥ ತಿನಿಸು ಚಿಕ್ಕದಾದ ಹೊಟ್ಟೆಯಿಂದಲೂ ಬೇಗ ಜಾರಿಹೋಗುವುದರಿಂದ ದಿನವಿಡೀ ತಿಂದರೂ ತಿಂದಂತೆ ಅನ್ನಿಸುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ತಪ್ಪಿದ ಬೆಂಗಳೂರಿನ ತಪಾಸಣೆಗೆ ಬಸ್ಸುಗಳು ಓಡಾಡತೊಡಗಿದ ಮೇಲೂ ನಾನು ಹೋಗಲಿಲ್ಲ. ಮೊದಲು ಅದು ಸೋಮಾರಿತನವಾಗಿತ್ತು, ಆಮೇಲೆ ನಾಚಿಕೆಯಾಯಿತು.

ಕಳೆದ ವರ್ಷದ ದೀಪಾವಳಿಯಂದು, ಮನೆ ತುಂಬ ನೆಂಟರಿದ್ದಾಗ, ಹಿರಿಯರೊಬ್ಬರು “ಅಷ್ಟು ದುಡ್ಡು ಸುರಿದು ಹೊಟ್ಟೆ ಕೊಯ್ಸಿಕೊಂಡು ಮತ್ತೆ ಹಂಗೇ ಆದ್ಯಲ್ಲಾ” ಎಂದರು. ನಾನು ನಕ್ಕೆ. ಆ ರಾತ್ರಿ ಎರಡು ಗಂಟೆಗೆ ಕತ್ತಲ ಅಡುಗೆಮನೆಯಲ್ಲಿ ಗೋಡೆಗೊರಗಿ ಕುಳಿತು ಹಬ್ಬದ ಡಬ್ಬಿಗಳನ್ನು ಒಂದೊಂದಾಗಿ ಖಾಲಿ ಮಾಡುತ್ತಿದ್ದಾಗ, ಮಗುವಿಗೆ ನೀರು ತರಲೆಂದು ಮಹಡಿಯಿಂದ ಇಳಿದು ಬಂದ ನನ್ನ ಓರಗಿತ್ತಿ ದೀಪ ಹಾಕಿದಳು, ನನ್ನ ಮುಖ ನೋಡಿ ಮತ್ತೆ ಆರಿಸಿದಳು. ನೀರು ಕೊಟ್ಟು ಬಂದವಳು ನನ್ನ ಪಕ್ಕದಲ್ಲಿಯೇ ನೆಲದ ಮೇಲೆ ಕುಳಿತಳು.

ತಿನ್ನಬೇಡಿ ಎಂದು ಅವಳು ಹೇಳಲಿಲ್ಲ, ಡಬ್ಬಿಯನ್ನು ಕಸಿದುಕೊಳ್ಳಲೂ ಇಲ್ಲ. ಸ್ವಲ್ಪ ಹೊತ್ತಿಗೆ ನನಗೆ ವಾಂತಿಯಾದಾಗ ಹಣೆ ಹಿಡಿದುಕೊಂಡಳು, ನೆಲ ಒರೆಸಿದಳು. ಆಪರೇಷನ್ ಟೇಬಲ್ಲಿನ ಮೇಲೆಯೇ ನಾನು ಹೋಗಿಬಿಟ್ಟಿದ್ದರೆ ಒಳ್ಳೆಯದಿತ್ತು ಎಂದು ನಾನು ಅತ್ತೆ. ಅದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ, ಆದರೆ ಅಂದು ಆ ಮಾತು ನಿಜವಾಗಿಯೇ ಬಂದಿತ್ತು. ಹಾಲಿನವನು ಬರುವವರೆಗೂ ಅವಳು ಏಳಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ಅಕ್ಕಾ, ಡಾಕ್ಟರಿಗೆ ಹೇಳೀರೇನು?”

ಹತ್ತು ಗಂಟೆಗೆ ಆಸ್ಪತ್ರೆಗೆ ಫೋನ್ ಮಾಡಿದವಳೂ ಅವಳೇ, ಮಗುವನ್ನು ಅತ್ತೆಯ ಬಳಿ ಬಿಟ್ಟು ನನ್ನೊಡನೆ ಬೆಂಗಳೂರಿಗೆ ಬಂದವಳೂ ಅವಳೇ. ನನ್ನ ತೂಕ ನೋಡುವಾಗ ಅವಳು ಬೆನ್ನು ತಿರುಗಿಸಿ ನಿಂತಳು. ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದ ನನಗೆ, ಈ ಚಿಕಿತ್ಸೆಯ ಒಂದೆರಡು ವರ್ಷಗಳ ನಂತರ ಹಸಿವು ಮರಳುವುದೂ ತೂಕ ಕೊಂಚ ಏರುವುದೂ ಅನೇಕರಲ್ಲಿ ಕಾಣುವ ಸಂಗತಿಯೆಂದೂ, ಇಳಿದ ದೇಹ ಹಳೆಯ ತೂಕದ ಕಡೆಗೇ ಎಳೆಯುತ್ತದೆಂದೂ ವೈದ್ಯರು ವಿವರಿಸಿದರು. ಮರು ಆಪರೇಷನ್ ಬೇಕಾಗಲಿಲ್ಲ. ನಾನು ನಿಲ್ಲಿಸಿಬಿಟ್ಟಿದ್ದ ಬಿ12 ಮತ್ತು ಕಬ್ಬಿಣದ ಮಾತ್ರೆಗಳು, ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು, ಊಟಕ್ಕೂ ನೀರಿಗೂ ನಡುವೆ ಅರ್ಧ ಗಂಟೆ ಅಂತರ, ಇವೆಲ್ಲ 2019ರಲ್ಲಿಯೇ ಹೇಳಿದ್ದ ಮಾತುಗಳೇ ಆಗಿದ್ದವು.

ಅಂದಿನಿಂದ ನನ್ನ ತಟ್ಟೆಗೆ ಮೊದಲು ಹೆಸರುಕಾಳು ಅಥವಾ ಪನೀರು, ಆಮೇಲೆ ರೊಟ್ಟಿ ಬೀಳುತ್ತಿದೆ. ಮಂಡಕ್ಕಿಯನ್ನು ಅವಳು ಮನೆಯಿಂದ ಹೊರಗಟ್ಟಲಿಲ್ಲ. ವಾರಕ್ಕೊಮ್ಮೆ ಸಂಜೆ ಸಣ್ಣ ಬಟ್ಟಲಿನಲ್ಲಿ ಹಾಕಿ ತಾನೂ ಎದುರಿಗೆ ಕುಳಿತು ತಿನ್ನುತ್ತಾಳೆ. ನಿಂತು ತಿನ್ನಬಾರದು, ಒಬ್ಬರೇ ತಿನ್ನಬಾರದು ಎಂಬುದು ಅವಳ ಕಾನೂನು, ಯಾವ ವೈದ್ಯರದೂ ಅಲ್ಲ.

ಮಾತ್ರೆ ಮರೆಯದಂತೆ ನೋಡಿಕೊಂಡ ಯಜಮಾನರಿಗೆ, ಮೊಮ್ಮಗುವನ್ನು ನೋಡಿಕೊಂಡ ಅತ್ತೆಗೆ, ಆಹಾರತಜ್ಞೆಗೆ, ಕುಂದುವಾಡ ಕೆರೆಯ ಬೆಳಗಿನ ಜೊತೆಗಾರರಿಗೆ, ಸ್ಟಾಫ್ ರೂಮಿನಲ್ಲಿ ಹುಟ್ಟುಹಬ್ಬದ ಕೇಕನ್ನು ಒತ್ತಾಯಿಸದೆ ಬಿಟ್ಟ ಸಹೋದ್ಯೋಗಿಗಳಿಗೆ ನನ್ನ ವಂದನೆಗಳು.

ಇನ್ನೊಂದು ಮಾತು ಉಳಿದಿದೆ. ನಾನು 71 ಕಿಲೋ ಇದ್ದ ವರ್ಷವೇ ನನ್ನ ಓರಗಿತ್ತಿಗೆ ಹೆರಿಗೆಯಾಗಿ ಮೈ ಬಂದಿತ್ತು. ಆಗ ತುಂಬಿದ ಮನೆಯಲ್ಲಿ ಅವಳ ತಟ್ಟೆ ನೋಡಿ, ಮನಸ್ಸು ಗಟ್ಟಿ ಇದ್ದರೆ ಯಾರು ಬೇಕಾದರೂ ಇಳಿಸಬಹುದು ಎಂದು ಉಪದೇಶ ಮಾಡಿದವಳು ನಾನು. ಆ ರಾತ್ರಿ ಅದನ್ನು ನನಗೆ ತಿರುಗಿಸಿ ಹೇಳಲು ಅವಳಿಗೆ ಐದು ಗಂಟೆಗಳ ಅವಕಾಶವಿತ್ತು, ಅವಳು ಹೇಳಲಿಲ್ಲ. ಅಡುಗೆಮನೆಯಲ್ಲಿ ಅವಳ ಕ್ಷಮೆ ಕೇಳಿದ್ದೇನೆ. ಎಲ್ಲರೆದುರು ಆಡಿದ ಮಾತಾದ್ದರಿಂದ ಈಗ ಎಲ್ಲರೆದುರೂ ಕೇಳುತ್ತಿದ್ದೇನೆ.